ಅವಳಿಗೆ ಬಂದ ಚೀಟಿ

ಮಳವಳ್ಳಿಯ ಕಾಲೇಜೊಂದರ ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರ. ನಾಲ್ಕೇ ವರ್ಷದ ಮಟ್ಟಿಗೆ, ಪಿಂಚಣಿಯಿಲ್ಲದೆ, ಸೈನ್ಯಕ್ಕೆ ಸೇರಿಸಿಕೊಳ್ಳುವುದು ಸರಿಯೇ ಎಂಬುದು ವಿಷಯ. ಪರವೋ ವಿರೋಧವೋ, ಚೀಟಿ ಎತ್ತಿ ತೀರ್ಮಾನ. ಹೊಳಲಿನ ಹುಡುಗಿಯೊಬ್ಬಳು ಚೀಟಿ ಹಿಡಿದು ನನ್ನ ಹತ್ತಿರ ಬಂದಳು.

"ಸಾ, ಪರ ಬಂದದೆ. ನನ್ ಕೈಲಾಗಕಿಲ್ಲ, ವಿರೋಧದ್ದು ಕೊಡಿ ಸಾ."

"ಬದಲಾಯಿಸೋ ಹಾಗಿಲ್ಲಮ್ಮ. ಎರಡೂ ಕಡೆ ವಾದ ಮಾಡೋಕೆ ಬರಬೇಕು," ಎಂದು ಉಪದೇಶ ಬೇರೆ ಮಾಡಿದೆ.

ಪಿಂಚಣಿ ಉಳಿದರೆ ಆ ದುಡ್ಡಿಗೆ ಹೊಸ ಆಯುಧ ಬರುತ್ತದೆ, ವಾಪಸ್ ಬಂದವರು ಎಲ್ಲಾದರೂ ಬದುಕಿಕೊಳ್ಳುತ್ತಾರೆ ಎಂದು ಅವಳು ವೇದಿಕೆಯಲ್ಲಿ ತಡವರಿಸದೆ ಹೇಳಿದಳು. ಚಪ್ಪಾಳೆ ಬಿತ್ತು. ಮೊದಲ ಬಹುಮಾನ ಅವಳಿಗೇ ಕೊಟ್ಟೆ.

ಹೊರಡುವಾಗ ಗೇಟಿನ ಸೆಕ್ಯುರಿಟಿಯವನು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅಂಥ ಸೆಲ್ಯೂಟನ್ನು ನಾನು ಯಾವ ಕಾಲೇಜಿನ ಗೇಟಲ್ಲೂ ಕಂಡಿರಲಿಲ್ಲ.

"ಮಿಲಿಟರಿಲಿದ್ಯೇನಪ್ಪ?"

"ಊಂ ಸಾ, ನಾಲ್ಕೊರ್ಸ. ಮುಗೀತು, ಕಳುಸ್ಬುಟ್ರು." ಆಮೇಲೆ ನಗುತ್ತಾ ಕೇಳಿದ: "ಫಸ್ಟ್ ಬಂದೋಳು ನನ್ ತಂಗಿ ಕಣ್ ಸಾ. ಗೇಟ್ ಬುಟ್ ಬರಂಗಿಲ್ವಲ್ಲ, ನಾನ್ ಕೇಳ್ಲಿಲ್ಲ. ಏನಂದ್ಲು ಸಾ?"

"ಚೆನ್ನಾಗಿ ಮಾತಾಡಿದ್ಲಪ್ಪ" ಎಂದೆ. ಎರಡೂ ಕಡೆ ವಾದ ಮಾಡಲು ಬರಬೇಕು ಎಂದವನಿಗೆ, ಅವಳು ಯಾವ ಕಡೆ ಮಾತಾಡಿದಳು ಎಂದು ಹೇಳಲೂ ಬಾಯಿ ಬರಲಿಲ್ಲ.