ಮಲಗಿದ್ದ ಜಲಪಾತ

೧೯೪೧ರ ಬೇಸಿಗೆ. ನಾನಾಗ ಓದು ಮುಗಿಸಿ ಹೊಸದಾಗಿ ಸರ್ವೆ ಕೆಲಸಕ್ಕೆ ಸೇರಿದ್ದ ಸಂಶೋಧನಾ ಸಹಾಯಕ. ಮಳವಳ್ಳಿ ಸೀಮೆಯಲ್ಲಿ ಕಾವೇರಿ ಎರಡು ಕವಲಾಗಿ ಹರಿದು ಮತ್ತೆ ಕೂಡುವಲ್ಲಿ ಒಂದು ನಡುಗಡ್ಡೆಯಿದೆ. ಜಲಪಾತ ನೋಡಲು ಜನ ಬರುವ ಜಾಗ. ಅಲ್ಲಿ ಇನ್ನೊಂದು ಪ್ರವಾಸಿ ಬಂಗಲೆ ಕಟ್ಟುವ ಯೋಚನೆಯಿತ್ತು. ಅದಕ್ಕೆ ಮುಂಚೆ, ಬಂದುಹೋಗುವವರಿಂದ ಅಲ್ಲಿನ ಜನಕ್ಕೂ ನೀರಿಗೂ ಗಿಡಮರಕ್ಕೂ ಏನಾಗುತ್ತಿದೆ ಎಂದು ತಿಳಿದು ವರದಿ ಕೊಡುವುದು ನನ್ನ ಕೆಲಸ. ಮದ್ದೂರಿನವರೆಗೆ ರೈಲು, ಮಳವಳ್ಳಿಯವರೆಗೆ ಬಸ್ಸು, ಆಮೇಲೆ ಎತ್ತಿನ ಗಾಡಿ. ತೂಕಡಿಸುತ್ತ ಹೋದ ನಾನು ಜಲಪಾತದ ಸದ್ದಿಗೇ ಎಚ್ಚರವಾದೇನು ಎಂದುಕೊಂಡಿದ್ದೆ. ಎಚ್ಚರವಾದದ್ದು ಗಾಡಿ ನಿಂತಾಗ. ಸದ್ದೇ ಇರಲಿಲ್ಲ.

ಬೇಸಿಗೆಯಲ್ಲಿ ನೀರನ್ನು ಮೇಲಿನ ಕಟ್ಟೆಯ ಬಳಿಯೇ ತಿರುಗಿಸಿ ವಿದ್ಯುತ್ತಿನ ಕಾಲುವೆಗೆ ಬಿಡುತ್ತಿದ್ದರು. ಹೊಳೆಯ ಪಾತ್ರದಲ್ಲಿ ಉಳಿದದ್ದು ಬಂಡೆ, ಬಂಡೆಯ ಗುಳಿಗಳಲ್ಲಿ ನಿಂತ ನೀರು, ಆ ನೀರಿನಲ್ಲಿ ಮೆಲ್ಲಗೆ ಸಾಗುವ ಮೋಡ. ಮಧ್ಯಾಹ್ನವೆಲ್ಲ ನಾನು ಅಲ್ಲೇ ಅಲೆಯುತ್ತಿದ್ದೆ. ನೀರು ಯುಗಯುಗ ಕೊರೆದ ಕಲ್ಲಿನ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ಎಷ್ಟೋ ಸಲ ಕೂತಲ್ಲೇ ಕಣ್ಣು ಮುಚ್ಚಿ, ಎದ್ದಾಗ ಎಲ್ಲಿದ್ದೇನೆಂದು ತಿಳಿಯದೆ ಸುಖಪಟ್ಟಿದ್ದೇನೆ. ಸರ್ಕಾರಿ ಸಂಬಳಕ್ಕೆ ಇಂಥ ನಿದ್ದೆ ಮತ್ತೆಲ್ಲೂ ಸಿಗಲಿಲ್ಲ.

ಕಟ್ಟೆಗೂ ಜಲಪಾತದ ಅಂಚಿಗೂ ನಡುವೆ ಮರಳು ನಿಂತ ಕಡೆ ಫಾತಿಮಾಬಿಯ ಕಲ್ಲಂಗಡಿ ಪಾತಿಯಿತ್ತು. ಮಳವಳ್ಳಿಯಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಗಂಡ ತೀರಿಕೊಂಡ ಮೇಲೆ ಆಕೆ ತವರಿನ ಈ ನಡುಗಡ್ಡೆಗೆ ಬಂದಿದ್ದಳು. ಮಳೆಗಾಲಕ್ಕೆ ಬೇಕಾದ ರಾಗಿ ಆ ಪಾತಿಯ ಹಣ್ಣು ಮಾರಿದ ದುಡ್ಡಿನಿಂದಲೇ ಬರಬೇಕು. ಅವಳ ವೈರಿ ಹುಳವೂ ಅಲ್ಲ, ನರಿಯೂ ಅಲ್ಲ, ಗಣ್ಯ ಅತಿಥಿ. ದೊಡ್ಡವರು ಬಂದಾಗ ಜಲಪಾತ ಕಾಣಬೇಕಲ್ಲ! ಅರ್ಧ ದಿನ ಗೇಟು ಎತ್ತಿ ಹೊಳೆಗೆ ನೀರು ಬಿಡುತ್ತಿದ್ದರು. ಹಿಂದಿನ ವರ್ಷದ ಬೆಳೆ ಹಾಗೆಯೇ ಕೊಚ್ಚಿಹೋಗಿತ್ತು.

ಆ ಸಲ ಬರುವವರು ಉತ್ತರದ ಕಡೆಯ ಯಾವುದೋ ಸಂಸ್ಥಾನದ ವೃದ್ಧ ದಿವಾನರು. ಸುದ್ದಿ ಕೇಳಿ ಫಾತಿಮಾಬಿ ನನ್ನನ್ನು ತಡೆದು ನಿಲ್ಲಿಸಿದಳು. “ಇನ್ನೊಂದ್ ವಾರ ಕಣಪ್ಪ, ಅಣ್ಣಾಗೋಯ್ತವೆ. ಈಗ್ಲೇ ಎಳೇಕಾಯ್ ಕಿತ್ರೆ ಎಮ್ಮೆನೂ ಮೂಸಾಕಿಲ್ಲ. ನೀರ್ ಬುಡ್ಬ್ಯಾಡಿ ಅಂತ ಯೋಳಪ್ಪ.”

ಗೇಟಿನ ಉಸ್ತುವಾರಿ ಓವರ್‌ಸಿಯರ್ ಶೇಷಗಿರಿರಾಯರದು. ಒಳ್ಳೆಯ ಮನುಷ್ಯ, ಆದರೆ ಮೇಲಿನವರೆಂದರೆ ನಡುಕ. “ಬೋಳು ಬಂಡೆ ತೋರಿಸೋಕೆ ಅವರನ್ನ ಅಷ್ಟು ದೂರದಿಂದ ಕರೆಸ್ತಾರೇನ್ರೀ?” ಎಂದರು. ಕೊನೆಗೆ ಒಂದು ಮಾತಿಗೆ ಒಪ್ಪಿದರು: ನಾನು ದಿವಾನರನ್ನು ಮೊದಲು ಒಣ ಹೊಳೆಯಲ್ಲಿ ಸುತ್ತಾಡಿಸಬಹುದು, ಅವರು ನೀರು ಕೇಳಿದರೆ ರಾಯರು ಹಸಿರು ಬಾವುಟ ಬೀಸುವರು, ಕಟ್ಟೆಯ ಕಾವಲುಗಾರ ಗೇಟು ಎತ್ತುವನು.

ಬೆಳಗಿನ ತಂಪಿನಲ್ಲಿ ದಿವಾನರು ಕೋಲೂರುತ್ತ ಬಂಡೆ ಇಳಿದರು. ಹಿಂದೆ ಬಾವುಟ ಹಿಡಿದು ರಾಯರು. ಪಾತಿಯ ಬಳಿ ಬಂದಾಗ ಫಾತಿಮಾಬಿ ತಾನು ಕಾದಿಟ್ಟಿದ್ದ, ಮೊದಲು ಮಾಗಿದ ಒಂದೇ ಒಂದು ಹಣ್ಣನ್ನು ಕಲ್ಲಿಗೆ ಕುಟ್ಟಿ ಒಡೆದು ಕೊಟ್ಟಳು. ದಿವಾನರು ಮರಳಿನ ಮೇಲೆ ಕೂತೇಬಿಟ್ಟರು. ತಿನ್ನುತ್ತ ತಿನ್ನುತ್ತ ಹಿಂದೂಸ್ತಾನಿಯಲ್ಲಿ, ಜಲಪಾತವೆಲ್ಲಿ ಎಂದು ಕೇಳಿದರು. ನಾನು ಇಂಗ್ಲಿಷಿನ ಪದ ಹುಡುಕುವಷ್ಟರಲ್ಲಿ ಆಕೆ ತನ್ನ ಮನೆಮಾತಿನಲ್ಲೇ ಉತ್ತರ ಕೊಟ್ಟಾಗಿತ್ತು. ನನಗೆ ತಿಳಿದಷ್ಟು ಉರ್ದುವಿನಲ್ಲಿ ಅದರ ಅರ್ಥ ಇಷ್ಟು: “ಮಲಗಿದೆ ಹುಜೂರ್, ಎಬ್ಬಿಸಬೇಡಿ.”

ದಿವಾನರು ಕೈಲಿದ್ದ ಹೋಳನ್ನು ತಿಂದು ಮುಗಿಸಿದರು. ಗುಳಿಯ ನೀರಿನ ಮೇಲೊಂದು ಹಕ್ಕಿ ರೆಕ್ಕೆ ತಾಗಿಸಿ ಹೋಯಿತು. ಆಮೇಲೆ ರಾಯರತ್ತ ತಿರುಗಿ, ಮಲಗಿರಲಿ ಬಿಡಿ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ರಾಯರು ಬಾವುಟ ಮಡಿಸಿ ಜೇಬಿಗಿಟ್ಟುಕೊಂಡರು. ಆ ವರ್ಷ ಹಣ್ಣು ಗಾಡಿ ತುಂಬಿ ಮಳವಳ್ಳಿ ಸಂತೆಗೆ ಹೋಯಿತು. ಲೋಕವನ್ನೇ ಗೆದ್ದಷ್ಟು ಹಿಗ್ಗು ನನಗೆ.

ಮಾರನೆಯ ಬೇಸಿಗೆ ವರದಿ ಮುಗಿಸಲು ಮತ್ತೆ ಹೋದೆ. ದಿವಾನರು ಮೈಸೂರಿನ ಸಭೆಯೊಂದರಲ್ಲಿ ಮಲಗಿದ ಜಲಪಾತವನ್ನೂ ಮರಳಿನ ಹಣ್ಣನ್ನೂ ಹಾಡಿ ಹೊಗಳಿದ್ದರಂತೆ. ಭಾನುವಾರ ಬಂತೆಂದರೆ ಮಂಡ್ಯ, ಮೈಸೂರುಗಳಿಂದ ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದ್ದರು. ಪಾತಿಯ ಬಳ್ಳಿಗಳೆಲ್ಲ ಬೂಟಿಗೆ ಸಿಕ್ಕಿ ನುಗ್ಗಾಗಿದ್ದವು. ಫಾತಿಮಾಬಿ ಬೈಯಲಿಲ್ಲ. “ನೀರಾದ್ರೆ ವರ್ಸಕ್ಕೊಂದ್ ದಪ ಬತ್ತಿತ್ತು ಕಣಪ್ಪ. ಜನ ವಾರವಾರ ಬತ್ತಾರೆ,” ಎಂದಳಷ್ಟೆ. ನನಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆಕೆ ಕೈಕಟ್ಟಿ ಕೂರುವವಳಲ್ಲ. ನಡುಗಡ್ಡೆಯ ಹಿಂದಿನ ಕವಲಿನಲ್ಲಿ, ಮುಳ್ಳುಪೊದೆಗಳ ಆಚೆ, ಹೊಸ ಪಾತಿ ಹಾಕಿದ್ದಳು. ಒಂದು ಸಂಜೆ ದಾರಿ ತಪ್ಪಿ ಅಲ್ಲಿಗೇ ಹೋಗಿ ನಿಂತೆ. ಎಲೆಗಳ ಅಡಿಯಲ್ಲಿ ಮುಷ್ಟಿಗಾತ್ರದ ಹೀಚುಗಳು. ಆಕೆ ನನ್ನ ಕೈಲಿದ್ದ ಪೆನ್ಸಿಲನ್ನೇ ನೋಡುತ್ತ, “ಇದ್ನೂ ಬರ್ಕೋತೀಯಾ?” ಎಂದಳು. ನಾನು ಪೆನ್ಸಿಲು ಜೇಬಿಗಿಟ್ಟೆ.

ವರದಿಯ ಜೊತೆ ಪ್ರವಾಸಿಗರಿಗೆಂದು ಒಂದು ನಕ್ಷೆಯನ್ನೂ ಬರೆದುಕೊಡಬೇಕಿತ್ತು. ಮೇಲಧಿಕಾರಿಗಳು ಅದನ್ನು ಮೇಜಿನ ಮೇಲೆ ಹರಡಿ, ಹಿಂದಿನ ಕವಲಿನ ಮೇಲೆ ಬೆರಳಿಟ್ಟು, “ಈ ಕಡೆ ನೋಡೋಕೆ ಏನೂ ಇಲ್ವೇ?” ಎಂದು ಕೇಳಿದರು.

ಒಂದು ಜಾಗವನ್ನು ಚೆನ್ನಾಗಿ ತಿಳಿಯಬೇಕು, ತಿಳಿದದ್ದನ್ನೆಲ್ಲ ತೋರಿಸಬೇಕಿಲ್ಲ. ಆಮೇಲಿನ ಇಷ್ಟು ವರ್ಷದ ನೌಕರಿಗೆ ನನಗೆ ಆಧಾರವಾದ ಪಾಠ ಅದು. ಅದನ್ನು ಕಲಿತದ್ದು ಆ ಮೇಜಿನ ಮುಂದೆ ನಿಂತು.

“ಇಲ್ಲ ಸಾರ್,” ಎಂದೆ, “ಬರೀ ಮರಳು.”