ಅಕ್ಕೋರ ಮನೆಯ ಶೆಲ್ಲು

ಮೊನ್ನೆ ಹಬ್ಬಕ್ಕೆಂದು ದೀಪದ ಕಂಬಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಹುಳಿಯೂ ಹಿತ್ತಾಳೆಯೂ ಬೆರೆತ ಆ ವಾಸನೆ ಬಂತು. ಕೈ ಅಲ್ಲಿಗೇ ನಿಂತಿತು...

ತೊಂಬತ್ತರ ದಶಕದ ಕೊನೆಯ ಒಂದು ಆಯುಧಪೂಜೆ. ಶಿರಸಿಯಲ್ಲಿ ನಮ್ಮ ಪಕ್ಕದ ಅಕ್ಕೋರ ಮನೆ. ದೇವರ ಕೋಣೆಯ ಬಾಗಿಲಿನ ಎಡಕ್ಕೆ ನಾನು ನಿಂತಿದ್ದೆ. ಬಲಕ್ಕೆ ನನ್ನ ಭಾವ. ಸೈನ್ಯದಿಂದ ನಿವೃತ್ತನಾಗಿ ಯಲ್ಲಾಪುರಕ್ಕೆ ಮರಳಿದ್ದವನು, ಹಬ್ಬಕ್ಕೆ ನಮ್ಮಲ್ಲಿಗೆ ಬಂದಿದ್ದ.

ಅಕ್ಕೋರು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದವರು. ಅವರ ಗಂಡನೂ ಸೈನ್ಯದಲ್ಲಿದ್ದರು. ಎಷ್ಟೋ ವರ್ಷಗಳ ಹಿಂದೆ ಯುದ್ಧ ಮುಗಿದು ರಜೆಗೆ ಬಂದಾಗ, ಟ್ರಂಕಿನಲ್ಲಿ ಬಟ್ಟೆ ಸುತ್ತಿ ಮೊಣಕೈಯುದ್ದದ ಒಂದು ಹಿತ್ತಾಳೆ ಶೆಲ್ಲು, ಫಿರಂಗಿಯ ಗುಂಡು, ತಂದು, ಒಳಗೆ ಏನೂ ಇಲ್ಲವೆಂದು ಹೇಳಿ ಕೊಟ್ಟಿದ್ದರಂತೆ. ಮರುವರ್ಷ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಶೆಲ್ಲು ಪಡಸಾಲೆಯಲ್ಲಿ ಒಂದು ಮಣೆಯ ಮೇಲೆ ನಿಂತಿರುತ್ತಿತ್ತು. ಬಂದವರಿಗೆ ಅಕ್ಕೋರು ತೋರಿಸುತ್ತಿದ್ದರು: "ನಮ್ಮನೆ ಯಜಮಾನ್ರು. ಊಟ ಕೇಳ್ತ್ವಿಲ್ಲೆ, ಜಗಳಾನೂ ಮಾಡ್ತ್ವಿಲ್ಲೆ."

ಆಯುಧಪೂಜೆಗೆ ಕತ್ತಿ, ಮೆಟ್ಟುಗತ್ತಿಗಳ ಜೊತೆ ಅದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ, ಮಣೆಸಮೇತ ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಿದ್ದರು. ಆ ದಿನವೂ ಹಾಗೆಯೇ. ಉರಿಯುವ ಕರ್ಪೂರದ ತಟ್ಟೆಯನ್ನು ಅದರ ಬುಡಕ್ಕೇ ಇಟ್ಟರು. ಭಾವ ಶೆಲ್ಲಿನ ತುದಿಯನ್ನೇ ನೋಡುತ್ತಿದ್ದ. ದನಿ ಏರಿಸದೆ ಹೇಳಿದ:

"ಅಕ್ಕೋರೇ, ಆರತಿ ನಿಧಾನಕ್ಕೆ ಹಿಂದೆ ತಗಳಿ. ಅದ್ನ ಮುಟ್ಟಡಿ. ತುದಿ ಬಿಚ್ಚಿದ್ದಿಲ್ಲೆ, ಒಳಗೆ ಸಿಡಿಮದ್ದು ಇದ್ದು."

"ಖಾಲಿ ಇದ್ದು ಹೇಳಿದಿದ್ದ ನಮ್ಮನೆ ಅವು," ಎಂದರು ಅಕ್ಕೋರು.

ಪೊಲೀಸರು ಬಂದರು. ಮರುದಿನ ಹೊರಗಿನಿಂದ ತಜ್ಞರು ಬಂದು ಅದನ್ನು ಊರಾಚೆಯ ಹಾಳು ಕಲ್ಲುಕ್ವಾರಿಗೆ ಒಯ್ದು ಸಿಡಿಸಿದರು. ಸದ್ದು ಪಡಸಾಲೆಯವರೆಗೂ ಕೇಳಿತು. ಕ್ವಾರಿಗೆ ಹೋಗಿದ್ದ ಭಾವ ಮರಳಿ ಬಂದು, ಶೆಲ್ಲು ತುಂಬಿಯೇ ಇತ್ತಂತೆ ಎಂದ. ಅಕ್ಕೋರು ಅವನನ್ನು ಕೇಳಿದರು:

"ನಮ್ಮನೆ ಅವ್ಕೆ ಗೊತ್ತಿತ್ತಾ ತಮ್ಮಾ?"

ಭಾವ ಅಂಗಿಗೆ ಹತ್ತಿದ್ದ ಕ್ವಾರಿಯ ಧೂಳು ಕೊಡವಿದ.

ಮರುವರ್ಷವೂ ನಾವಿಬ್ಬರು ಪೂಜೆಗೆ ಹೋಗಿದ್ದೆವು. ದೇವರ ಮುಂದಿಟ್ಟಿದ್ದ ಖಾಲಿ ಮಣೆಯ ಮೇಲೆ ಶೆಲ್ಲು ಕೂತಿದ್ದ ದುಂಡು ಕಲೆ ಹಾಗೇ ಇತ್ತು. ಅಕ್ಕೋರು ಕತ್ತಿಗಳಿಗೆಲ್ಲ ಕುಂಕುಮ ಇಟ್ಟರು. ಆ ಕಲೆಯ ತನಕ ಬೆರಳು ಒಯ್ದರು. ಇಡಲಿಲ್ಲ. ಸೆರಗಿಗೆ ಒರೆಸಿಕೊಂಡರು.

ಅಕ್ಕೋರು ಹೋಗಿ ವರ್ಷಗಳಾದವು. ಆ ಮಣೆ ಯಾರ ಪಾಲಾಯಿತೋ ತಿಳಿಯದು. ಆ ಪ್ರಶ್ನೆ ಕೇಳಿಸಿಕೊಂಡವರು, ಆ ಬೆರಳನ್ನು ಕಂಡವರು ಎಂದು ಈಗ ಉಳಿದಿರುವುದು ನಾನು ಮತ್ತು ಯಲ್ಲಾಪುರದಲ್ಲಿರುವ ಭಾವ. ಅವನಿಗೆ ಉತ್ತರ ಗೊತ್ತಿರಬಹುದು. ನಾನು ಕೇಳಿಲ್ಲ.