ಹಗ್ಗ ಹಿಡಿದವನ ಫೋನು

ಜೇಬಿನಲ್ಲಿ ಫೋನು ಬಾರಿಸುತ್ತಿದೆ. ಬಾರಿಸಲಿ. ನನ್ನ ಎರಡೂ ಕೈಗಳಲ್ಲಿ ಹಗ್ಗವಿದೆ. ಹಗ್ಗದ ಆ ತುದಿಯಲ್ಲಿ ಪುಣೆಯ ಇಂಜಿನಿಯರನೊಬ್ಬ ನಿಪ್ಪಾಣಿ ಆಚೆಯ ಘಾಟಿನ ಕರಿಬಂಡೆಗೆ ಹಲ್ಲಿಯಂತೆ ಅಂಟಿಕೊಂಡಿದ್ದಾನೆ. ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ, ಅಂಗೈಗೆ ಬಿಳಿ ಪುಡಿ, ಸೊಂಟದ ಸುತ್ತ ಮದುವೆ ಮನೆಯ ಎತ್ತಿಗೆ ಕಟ್ಟಿದಷ್ಟು ಗಿಲಿಗಿಲಿ ಸಾಮಾನು. ಏರಿದ್ದು ಮಾತ್ರ ಎರಡಾಳು ಎತ್ತರ. ಅಲ್ಲೇ ನಿಂತು ಕ್ಯಾಮೆರಾಕ್ಕೆ ಭಾಷಣ ಬಿಗಿಯುತ್ತಿದ್ದಾನೆ. ನಾನು ಕೆಳಗೆ ನಿಂತು ಸೀನುತ್ತಿದ್ದೇನೆ. ಈ ಹಗ್ಗ ಪ್ರತಿ ಮಳೆಗಾಲವನ್ನೂ ನಿಪ್ಪಾಣಿಯ ನನ್ನ ಗೆಳೆಯ ಬಶೀರನ ತಂಬಾಕಿನ ಗೋದಾಮಿನಲ್ಲಿ ಕಳೆಯುತ್ತದೆ. ಬಿಸಿಲಿಗೆ ಹಾಕಿದರೂ ತೊಳೆದರೂ ಆ ಘಾಟು ಬಿಡುವುದಿಲ್ಲ.

ಫೋನು ಯಾರದೆಂದು ನೋಡದೆಯೂ ಗೊತ್ತು. ಹೀಗೆ ಕಟ್ಟಾದ ಕೂಡಲೇ ಮತ್ತೆ ಹಚ್ಚುವವನು ಒಬ್ಬನೇ, ಕಾಗವಾಡದ ರಾವಸಾಬ. ಇಂಜಿನಿಯರನ ಭಾಷಣ ಮುಗಿಯುವತನಕ ನಿಮಗೆ ಅವನ ಸಂಗತಿ ಹೇಳುತ್ತೇನೆ. ಬಾಯಿ ಮುಚ್ಚಿಕೊಂಡೇ ಹೇಳುತ್ತೇನೆ, ಯಾಕೆಂದರೆ ಹಗ್ಗ ಹಿಡಿದವನು ಮಾತಾಡಬಾರದು.

ಬಂಡೆ ಏರುವುದು ನನ್ನ ಕಸುಬು. ಹಳೆಯದೊಂದು ವ್ಯಾನಿನಲ್ಲಿ ಹಾಸಿಗೆ, ಒಲೆ, ಹಗ್ಗ ಹೇರಿಕೊಂಡು ಕಲ್ಲಿರುವ ಕಡೆಗೆಲ್ಲ ಹೋಗುತ್ತೇನೆ. ಏರಲು ಬಾರದವರನ್ನು ಏರಿಸಿ ಇಳಿಸಿ ಹೊಟ್ಟೆ ಹೊರೆಯುತ್ತೇನೆ. ಬಂಡೆಯಿಂದ ಬಂಡೆಗೆ ಹೋಗುವ ದಾರಿಯಲ್ಲಿ ಹಳೆಯ ಗೆಳೆಯರ ಮನೆಗಳು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂದು ವರ್ಷಕ್ಕೊಮ್ಮೆ ಸುತ್ತು ಹಾಕುತ್ತೇನೆ. ಈ ಸೀಮೆಯಲ್ಲಿ ಬಂಡೆಗಿಂತ ಕಷ್ಟದ್ದು ಈ ಮನೆಗಳೇ. ಬಂಡೆ ಪ್ರಶ್ನೆ ಕೇಳುವುದಿಲ್ಲ. ರಾಯಬಾಗದಲ್ಲಿ ಗೆಳೆಯನ ಮಾವ, ನಿವೃತ್ತ ಮಾಸ್ತರರು, ಪ್ರತಿವರ್ಷ ಅದೇ ಖುರ್ಚಿಯಲ್ಲಿ ಕೂತು ಅದನ್ನೇ ಕೇಳುತ್ತಾರೆ.

"ಮ್ಯಾಲ ಏನ ಐತ್ರಿ?"

"ಏನೂ ಇಲ್ರಿ."

"ಮತ್ತ ಹೋಗಿ ಏನ್ ಮಾಡ್ತೀರಿ?"

"ಇಳದ ಬರ್ತೀನ್ರಿ."

ಅವರು ಕನ್ನಡಕ ತೆಗೆದು, ಒರೆಸಿ, ಇವನಿಗೆ ಹೆಣ್ಣು ಕೊಡದಿದ್ದ ಜನ ಎಷ್ಟು ಶಹಾಣ್ಯಾರು ಎಂಬಂತೆ ತಲೆಯಾಡಿಸುತ್ತಾರೆ. ಆಮೇಲೆ ಶೇಂಗಾ ಹೋಳಿಗೆ. ಒಂದು ತಿಂದರೆ ಇನ್ನೊಂದು, ಬೇಡ ಎಂದರೆ ಎರಡು. ಬೆರಳ ತುದಿಯಲ್ಲಿ ಮೈಭಾರ ಹೊರಬೇಕಾದವನಿಗೆ ತುಪ್ಪ ಸುರಿದು ತಿನ್ನಿಸಿ, ಬೀಳ್ಕೊಡುವಾಗ "ಹುಷಾರಿಯಿಂದ ಏರ್ರಿ" ಎನ್ನುವುದು ಈ ಜನರ ಪ್ರೀತಿಯ ರೀತಿ.

ಇನ್ನು ಸತ್ಕಾರದ ಪಿಡುಗು. ನಮ್ಮ ಕಡೆ ಮನುಷ್ಯ ಏನೂ ಮಾಡದಿದ್ದರೂ ಶಾಲು ಹೊದಿಸುತ್ತಾರೆ, ಏನಾದರೂ ಮಾಡಿದರೆ ತಲೆಗೆ ಪಟಗಾ ಕೂಡ ಸುತ್ತುತ್ತಾರೆ. ನನ್ನ ವ್ಯಾನಿನಲ್ಲಿ ಶಾಲುಗಳ ಒಂದು ಗಂಟೇ ಇದೆ. ಹಗ್ಗಕ್ಕೆ ಮಣ್ಣು ತಾಗದಂತೆ ಬಂಡೆಯ ಬುಡದಲ್ಲಿ ಅವನ್ನೇ ಹಾಸುತ್ತೇನೆ. ಹೊದಿಸಿದವರು ಕಂಡರೆ ನೊಂದುಕೊಳ್ಳುತ್ತಾರೆ. ಶಾಲಿಗೆ ಮಾತ್ರ ಮೊದಲ ಸಲ ಒಂದು ಕೆಲಸ ಸಿಕ್ಕಿದೆ.

ಇಂಥ ಬಯಲುಸೀಮೆಯವನು ಏರುವುದನ್ನು ಎಲ್ಲಿ ಕಲಿತ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ. ಬಾವಿಯಲ್ಲಿ ಕಲಿತೆ. ನಾನು, ಬಶೀರ, ರಾವಸಾಬ ಮೂವರೂ ಚಿಕ್ಕೋಡಿಯಲ್ಲಿ ಕಾಲೇಜಿಗೆ ಇದ್ದಾಗ ಸೂಟಿ ಬಿಟ್ಟ ಕೂಡಲೇ ಕಾಗವಾಡಕ್ಕೆ, ರಾವಸಾಬನ ಹೊಲಕ್ಕೆ ಓಡುತ್ತಿದ್ದೆವು. ಅಲ್ಲಿ ಅವನ ಮುತ್ತಜ್ಜ ಕರಿಕಲ್ಲು ಕೊರೆಸಿ ತೋಡಿಸಿದ ದೊಡ್ಡ ಬಾವಿ. ಮೇಲಿನ ಸುತ್ತು ಕಟ್ಟಿದ ಕಲ್ಲು, ಕೆಳಗೆಲ್ಲ ಕಡಿದ ಬರಿಬಂಡೆ. ಮೆಟ್ಟಿಲುಗಳು ಒಂದೇ ಬದಿಗೆ. ಈಜಿ ದಣಿದ ಮೇಲೆ ಮೆಟ್ಟಿಲು ಬಿಟ್ಟು ಎದುರಿನ ಬಂಡೆಯಿಂದ ಹತ್ತಿ ಬರುವುದು ನಮ್ಮ ಪೌರುಷ. ಬೇರೆ ಊರುಗಳಲ್ಲಿ ಏರಿದವನು ಇಳಿಯುತ್ತಾನೆ. ನಮ್ಮಲ್ಲಿ ಏರಬೇಕಾದರೆ ಮೊದಲು ಇಳಿಯಬೇಕಾಗಿತ್ತು.

ಒಮ್ಮೆ ಬಶೀರ ಜಾರಿ ಮೊಣಕೈ ಮುರಿದುಕೊಂಡ. ರಾವಸಾಬನ ಅಪ್ಪ ನಮ್ಮನ್ನು ಬಾರಕೋಲಿನಿಂದ ಬಾರಿಸಿ, ಬೇಕೆಂದರೆ ಹಗ್ಗ ಕಟ್ಟಿಕೊಂಡು ಸಾಯಿರಿ ಎಂದರು. ಅಂದಿನಿಂದ ಬಾವಿಯ ದಂಡೆಯ ಬೇವಿನ ಬೊಡ್ಡೆಗೆ ಒಂದು ಸುತ್ತು ಹಾಕಿ, ತನ್ನ ನಡುವಿಗೆ ಸುತ್ತಿಕೊಂಡು, ರಾವಸಾಬ ಹಗ್ಗ ಹಿಡಿಯುತ್ತಿದ್ದ. ನಾನು ಏರುತ್ತಿದ್ದೆ. ಆಗಲೇ ನಾನು ದೊಡ್ಡ ಗುರುವಿನಂತೆ ಒಂದು ನಿಯಮ ಹೊರಡಿಸಿದೆ: ಹಗ್ಗ ಹಿಡಿದವನನ್ನು ಯಾರೂ ಮಾತಾಡಿಸಬಾರದು, ಮುಟ್ಟಬಾರದು, ಅವನೂ ಏರುವವನ ಮೇಲಿನ ಕಣ್ಣು ತೆಗೆಯಬಾರದು. ಇಬ್ಬರೂ ನನ್ನನ್ನು ಸಾಕಷ್ಟು ಆಡಿಕೊಂಡರು. ರಾವಸಾಬ ಮದುವೆಯಾದ ಮೇಲೆ ಈ ಕತೆಯನ್ನು ಹೆಂಡತಿಗೂ ಹೇಳಿದ. ಸುನಂದಾ ವೈನಿ ರೊಟ್ಟಿ ಬಡಿಯುತ್ತಲೇ ಕೇಳಿದ್ದರು: "ಹಗ್ಗ ಹಿಡದ್ರ ಮಾತಾಡಂಗಿಲ್ಲೇನ್ರಿ ಭಾವಜಿ? ಹಂಗಾದ್ರ ಮನ್ಯಾಗೂ ಇವ್ರ ಕೈಯಾಗ ಒಂದ ಹಗ್ಗ ಕೊಟ್ಟ ಹೋಗ್ರಿ."

ವೈನಿಯವರ ಕಷ್ಟ ದೊಡ್ಡದೇ. ದ್ರಾಕ್ಷಿ ಬೆಳೆ ಕೈಹಿಡಿದ ಮೇಲೆ ರಾವಸಾಬ ಬೇರೆಯೇ ಮನುಷ್ಯನಾದ. ಬಿಳಿ ಬಟ್ಟೆ ಬಂತು, ಹೊಟ್ಟೆ ಬಂತು, ಎದೆಯ ಜೇಬಿನಲ್ಲಿ ತಟ್ಟೆಯಷ್ಟಗಲದ ಫೋನು ಬಂತು. ಆ ಫೋನಿನಲ್ಲಿ ಸನಾದಿ ಊದುತ್ತದೆ. ಅದರ ಎರಡನೆಯ ಸ್ವರ ಕೇಳಿದವರು ಊರಲ್ಲೇ ಇಲ್ಲ, ಅಷ್ಟರಲ್ಲಿ ಅವನು "ಹಲೋ" ಎಂದಿರುತ್ತಾನೆ. ಬಾಯಲ್ಲಿ ತುತ್ತಿದ್ದರೂ ಎತ್ತುತ್ತಾನೆ. ಸ್ವಂತ ಮಗಳ ಅಕ್ಷತೆ ಬೀಳುವಾಗಲೂ ಎತ್ತಿದ. ಅವನೊಡನೆ ಕೂತು ಚಹಾ ಕುಡಿಯುವುದೆಂದರೆ ನಾವೊಂದು ಕಡೆ ಕುಡಿಯುವುದು, ಅವನು ಇನ್ನಾರಿಗೋ "ಆಗ್ತೈತ್ರಿ, ಮಾಡೂಣಂತ್ರಿ" ಎನ್ನುತ್ತ ಅಂಗಳ ಅಳೆಯುವುದು. ವರ್ಷಕ್ಕೊಮ್ಮೆ ಹೋಗಿ ಅವನ ಬೆನ್ನು ನೋಡಿಕೊಂಡು ಬರುವುದು ನನಗೆ ಸಾಕಾಗಿತ್ತು. ಹೋದ ಬೇಸಿಗೆ ಅಥಣಿಯಿಂದ ಕಾಗವಾಡಕ್ಕೆ ಹೊರಟಾಗ, ಇದೇ ಕೊನೆಯ ಸಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಊರು ಮುಟ್ಟಿದಾಗ ಮೊದಲು ಕಂಡಿದ್ದು ನನ್ನದೇ ಮುಖ. ಬಸ್ ಸ್ಟ್ಯಾಂಡಿನೆದುರು ಬ್ಯಾನರು. ಬೆನ್ನಿಗೆ ಬಿಳಿ ಹಿಮದ ಪರ್ವತ, ಅದರ ನೆತ್ತಿಯ ಮೇಲೆ ನನ್ನ ಕಾಲೇಜಿನ ಫೋಟೋದ ತಲೆಯನ್ನು ಇನ್ನಾರದೋ ಮೈಗೆ ಅಂಟಿಸಿದ್ದರು. "ಹಿಮಾಲಯ ವೀರನಿಗೆ ಹಾರ್ದಿಕ ಸ್ವಾಗತ." ನಾನು ಹಿಮ ಕಂಡಿದ್ದು ಐಸ್‌ಕ್ಯಾಂಡಿ ಗಾಡಿಯ ಡಬ್ಬಿಯಲ್ಲಿ. ಬ್ಯಾನರಿನ ಕೆಳಭಾಗದಲ್ಲಿ, ನನಗಿಂತ ದೊಡ್ಡದಾಗಿ, ಕೈ ಮುಗಿದುಕೊಂಡ ರಾವಸಾಬನ ಫೋಟೋ.

"ಇದೇನಲೇ?" ಎಂದೆ, ಅವನ ಮನೆ ಮುಟ್ಟಿದ ಕೂಡಲೇ.

"ಸೊಸೈಟಿ ಎಲೆಕ್ಷನ್ ಬಂದೈತೋ. ನಾಳೆ ಸಾವಕಾರ್ರು ಪ್ಯಾನೆಲ್ ಪಕ್ಕಾ ಮಾಡ್ತಾರ. ಈ ಸಲ ನನ್ನ ಹೆಸರ ಆಗೂದೈತಿ. ಜನಾ ಕೂಡಿಸಿ ತೋರಸಬೇಕಲ್ಲ. ನೀ ಬಾವಿ ಇಳದ ಏರಿ ತೋರ್ಸು, ಆಮ್ಯಾಲ ಸತ್ಕಾರ."

ಉಮೇದುವಾರರ ಪಟ್ಟಿಯ ಈ ಒಂದು ಹೆಸರಿಗಾಗಿ ಅವನು ಹತ್ತು ವರ್ಷ, ಸೊಸೈಟಿಯನ್ನು ಮುಷ್ಟಿಯಲ್ಲಿಟ್ಟುಕೊಂಡ ಆ ಸಾವಕಾರರ ಮನೆಯ ಮದುವೆ, ಮುಂಜಿ, ತಿಥಿಗಳಿಗೆಲ್ಲ ಓಡಾಡಿದ್ದ. ಈಗ ನಾಳೆ ಬರಲಿರುವ ಅವರ ಒಂದು ಫೋನಿಗಾಗಿ ಕಾದು ಕೂತಿದ್ದ. ನನಗೆ ಹೇಸಿಗೆಯಾಯಿತು. ಕಲಿತ ಬಾವಿಯನ್ನೇ ಸರ್ಕಸ್ ಡೇರೆ ಮಾಡಿದನಲ್ಲ ಎಂದು. ಒಲ್ಲೆ ಎಂದು ಬಾಯಿವರೆಗೆ ಬಂದಿತ್ತು. ಆದರೆ ಕೊನೆಯ ಸಲ ಎಂದುಕೊಂಡಿದ್ದೆನಲ್ಲ, ಚೆನ್ನಾಗಿಯೇ ಕಹಿ ಮಾಡಿಕೊಂಡು ಹೋಗೋಣ ಎಂದು ಒಂದು ಶರತ್ತು ಹಾಕಿದೆ. "ಹಗ್ಗ ನೀನ ಹಿಡೀಬೇಕು."

ಅವನು ಬಿಳಿ ಬಟ್ಟೆ ನೋಡಿಕೊಂಡ. ಹೊಟ್ಟೆ ನೋಡಿಕೊಂಡ. "ಹಿಡಿತೇನ ತಗೋ" ಎಂದ.

ಮರುದಿನ ಬಾವಿಯ ಸುತ್ತ ಜನವೋ ಜನ. ನೀರು ತಳ ಕಂಡಿತ್ತು. ಮೆಟ್ಟಿಲಿಳಿದು, ಎದುರಿನ ಬಂಡೆಯ ಬುಡದಲ್ಲಿ ನಿಂತು ಮೇಲೆ ನೋಡಿದೆ. ದುಂಡನೆಯ ಆಕಾಶ, ಅದರ ಅಂಚಿಗೆ ತಲೆಗಳು. ನಡುವೆ ಬೇವಿನ ಬೊಡ್ಡೆಗೆ ಹಗ್ಗ ಸುತ್ತಿ ನಿಂತ ರಾವಸಾಬ. ಎದೆಯ ಜೇಬಿನಲ್ಲಿ ಆ ಫೋನು ಕಿವಿ ನಿಮಿರಿಸಿಕೊಂಡು ಕೂತಿತ್ತು.

ಅರ್ಧ ಏರಿದ್ದೆ. ಅಲ್ಲಿ ಬಂಡೆ ಹೊಟ್ಟೆಯುಬ್ಬಿಸಿ ಹೊರಗೆ ಬಾಗುತ್ತದೆ, ಹಿಡಿಕೆಗಳು ಬೆರಳ ಒಂದು ಗಿಣ್ಣಿನಷ್ಟು. ಅಲ್ಲೇ ಸನಾದಿ ಶುರುವಾಯಿತು. ಬಾವಿಯೊಳಗೆ ಅದು ಸುತ್ತಿ ಸುತ್ತಿ ಮೊಳಗಿತು. ಈಗ ಎತ್ತುತ್ತಾನೆ ಎಂದುಕೊಂಡೆ. ನಿಜ ಹೇಳುತ್ತೇನೆ, ಎತ್ತಲಿ ಎಂದು ಒಳಗೊಳಗೇ ಬಯಸುತ್ತಿದ್ದೆ. ಎತ್ತಿದರೆ ನನ್ನ ತಿರಸ್ಕಾರಕ್ಕೆ ಮುದ್ರೆ ಬೀಳುತ್ತಿತ್ತು, ನಿಶ್ಚಿಂತೆಯಿಂದ ಅವನ ಮನೆಯ ದಾರಿ ಮರೆಯಬಹುದಿತ್ತು. ಎರಡನೆಯ ಸ್ವರ ಬಂತು. ಮೂರನೆಯದು ಬಂತು. ಸನಾದಿ ಪೂರ್ತಿ ಮುಗಿದು ನಿಂತಿತು. ಮತ್ತೆ ಶುರುವಾಯಿತು.

"ಸಾವಕಾರ್ರದ ಫೋನೋ ರಾವಣ್ಣಾ!" ಪಕ್ಕದಲ್ಲಿದ್ದ ಅವನ ಚಿಕ್ಕಪ್ಪನ ಮಗ ದಾದಾಸಾಬ ಜೇಬು ಇಣುಕಿ ಕೂಗಿದ. "ಕಿವಿಗಿ ಹಿಡಿಲ್ಯಾ?"

"ದೂರ ಸರಿ. ಮೈ ಮುಟ್ಟಬ್ಯಾಡ."

ಕೆಳಗಿನಿಂದ ನಾನೇ ಕೂಗಿದೆ. "ಎತ್ತೋ ಮಾರಾಯಾ, ನಾ ಗಟ್ಟಿ ನಿಂತೀನಿ!" ಅದು ಸುಳ್ಳು. ನನ್ನ ಎಡಗಾಲು ಆಗಲೇ ಹೊಲಿಗೆ ಮಿಷಿನ್ನಿನಂತೆ ನಡುಗುತ್ತಿತ್ತು. ಅವನಿಗೆ ಅದು ಕಾಣುತ್ತಿತ್ತು, ಯಾಕೆಂದರೆ ಅವನು ನನ್ನ ಮೇಲಿನ ಕಣ್ಣು ತೆಗೆದಿರಲೇ ಇಲ್ಲ.

"ಹಗ್ಗ ಹಿಡದಾವನ ಜೋಡಿ ಮಾತಾಡಬ್ಯಾಡಲೇ. ಮ್ಯಾಲ ನೋಡು."

ಮೇಲೆ ನೋಡಿ ಕೈ ಚಾಚಿದೆ. ಹಿಡಿದ ಕಲ್ಲಿನ ಚಕ್ಕೆ ಕಿತ್ತು ಬಂತು. ಬಿದ್ದೆ. ಆಳುದ್ದ ಬೀಳುವುದರೊಳಗೆ ಹಗ್ಗ ಬಿಗಿಯಾಗಿ ನಡುವಿಗೆ ಕಚ್ಚಿತು. ಜಗ್ಗಿದ ಭಾರಕ್ಕೆ ಮೇಲೆ ರಾವಸಾಬ ಮುಂದಕ್ಕೆ ಬಾಗಿದ. ಬಾಗಿದವನ ಜೇಬಿನಿಂದ ಫೋನು ಜಾರಿ, ಸನಾದಿ ಊದಿಕೊಂಡೇ ನನ್ನ ಕಿವಿಯ ಪಕ್ಕದಿಂದ ಹಾದು ನೀರಿಗೆ ಬಿತ್ತು. ಮರುಗಳಿಗೆ ಬಾವಿಯ ಅಂಚಿನಲ್ಲಿ ಇನ್ನೊಂದು ಫೋನು ಬಾರಿಸಿತು. ದಾದಾಸಾಬನದು. ಅವನು ಮೊದಲ ರಿಂಗಿಗೇ ಎತ್ತಿದ.

"ನಮಸ್ಕಾರ್ರಿ ಸಾವಕಾರ್ರ... ಇಲ್ರಿ, ಅಂವಾ ಎತ್ತವಲ್ಲ... ನಾನ್ರಿ? ಹೂನ್ರಿ... ನಿಮ್ಮ ಆಶೀರ್ವಾದ್ರಿ..."

ನೇತಾಡುತ್ತಲೇ ಎಲ್ಲವನ್ನೂ ಕೇಳಿದೆ. ರಾವಸಾಬನೂ ಕೇಳಿದ, ಕಣ್ಣು ನನ್ನ ಮೇಲಿಟ್ಟುಕೊಂಡೇ. "ಏರು" ಎಂದ. ಏರಿದೆ. ನಾನು ದಂಡೆ ಹತ್ತಿ ಹಗ್ಗ ಬಿಚ್ಚುವವರೆಗೂ ಅವನು ಕೈ ಸಡಿಲಿಸಲಿಲ್ಲ.

ಸತ್ಕಾರ ನಡೆದೇ ನಡೆಯಿತು, ಮಂಡಪ ಹಾಕಿಸಿದ್ದರಲ್ಲ. ನನಗೆ ಶಾಲು ಹೊದಿಸಿದವನು ದಾದಾಸಾಬ, ಹೊಸ ಉಮೇದುವಾರ. ಭಾಷಣವನ್ನೂ ಮಾಡಿದ. ನಾನು ಸಭೆಯಲ್ಲಿ ರಾವಸಾಬನನ್ನು ಹುಡುಕಿದೆ. ಅವನು ಹಿಂದಿನ ಸಾಲಿನಲ್ಲಿ, ಹಗ್ಗ ತಿಕ್ಕಿ ಕೆಂಪಾದ ಅಂಗೈಗಳನ್ನು ಮೂಗಿಗೆ ಹಿಡಿದು ಮೂಸುತ್ತಿದ್ದ.

"ತಂಬಾಕಿನ ವಾಸನಿ ಬರ್ತೈತಿ ಲೇ" ಎಂದ, ಪಕ್ಕ ಹೋಗಿ ಕೂತಾಗ. "ಬಶ್ಯಾ ಹೆಂಗದಾನ?"

ಇಷ್ಟೇ. ಬೈಯಲಿಲ್ಲ, ಹಲುಬಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾಚಿಕೆಯಿಂದ ನಾನು ಶಾಲಿನ ಗೊಂಡೆ ಕೀಳುತ್ತ ಕೂತೆ. ಮನೆಗೆ ಬಂದಾಗ ವೈನಿ ನೀರು ಕೊಟ್ಟು, ಗಂಡನ ಕೈಗೆ ಎಣ್ಣೆ ಸವರುತ್ತ, "ಇವತ್ತ ಮನ್ಯಾಗ ಸನಾದಿ ಇಲ್ಲ ನೋಡ್ರಿ ಭಾವಜಿ" ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ, ತಲೆ ಬಗ್ಗಿಸಿದ್ದರಿಂದ ಕಾಣಲಿಲ್ಲ. ಆ ದಿನ ರಾವಸಾಬ ನನ್ನೆದುರು ಕೂತು, ಒಮ್ಮೆಯೂ ಏಳದೆ, ಪೂರ್ತಿ ಒಂದು ಕಪ್ ಚಹಾ ಕುಡಿದ.

ಆ ದಿನದ ಶಾಲನ್ನು ನಾನು ಬಂಡೆಯ ಬುಡದಲ್ಲಿ ಹಾಸುವುದಿಲ್ಲ. ಉಳಿದವನ್ನು ಈಗಲೂ ಹಾಸುತ್ತೇನೆ. ನಾನೇನೂ ಸಾಧುವಾಗಿಲ್ಲ.

ಇಂಜಿನಿಯರನ ಭಾಷಣ ಮುಗಿಯಿತು. ಇನ್ನೆರಡು ಹೆಜ್ಜೆ ಏರಿ, ಸಾಕಾಯಿತೆಂದು ಕೈಸನ್ನೆ ಮಾಡಿದ. ನಿಧಾನ ಇಳಿಸಿದೆ. ಅವನ ಕಾಲು ನೆಲಕ್ಕೆ ಹತ್ತಿ, ಗಂಟು ಬಿಚ್ಚಿದ ಮೇಲೆ ಫೋನು ತೆಗೆದೆ. ರಾವಸಾಬನೇ. ತಿರುಗಿ ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದ, ಆ ಚಟ ಹೋಗಿಲ್ಲ.

"ಎಷ್ಟ ಹೊತ್ತಲೇ! ಫೋನ್ ಎತ್ತಾಕ ಏನಾಗಿತ್ತು ನಿನಗ?"

"ಹಗ್ಗ ಹಿಡದಿದ್ನೋ" ಎಂದೆ.

ಆ ಕಡೆ ದೂರದಲ್ಲಿ ವೈನಿ ಯಾರನ್ನೋ ಊಟಕ್ಕೆ ಕರೆಯುತ್ತಿರುವುದು ಕೇಳಿಸಿತು.

"ಹಂಗಾದ್ರ ಬರೋಬ್ಬರಿ" ಎಂದು ಫೋನಿಟ್ಟ. ಯಾತಕ್ಕೆ ಹಚ್ಚಿದ್ದನೆಂಬುದನ್ನು ಹೇಳಲೇ ಇಲ್ಲ.